ಒಡೆಯರಪಾಳ್ಯಕ್ಕೆ ಬಂದ ಚೀನಾದ ಚರಿತ್ರೆ

ನಮೂನೆ 7ರ ಅರ್ಜಿಗಳನ್ನು ಹುಡುಕುತ್ತಾ ಹೋದವನು ನಾನು. 1974ರ ಭೂಸುಧಾರಣೆ ಕೊಳ್ಳೇಗಾಲ ಮತ್ತು ಯಳಂದೂರು ಸೀಮೆಯಲ್ಲಿ ಹೇಗೆ ನಡೆಯಿತು, ಯಾವ ಗೇಣಿದಾರನಿಗೆ ಹೊಲ ಸಿಕ್ಕಿತು, ಯಾರಿಗೆ ಕೈತಪ್ಪಿತು ಎಂಬುದು ನನ್ನ ಪಿಎಚ್.ಡಿ. ವಿಷಯ. ಹಳಬರನ್ನು ಮಾತಾಡಿಸಲೆಂದು ಹನೂರು ತಾಲ್ಲೂಕಿನ ಲೊಕ್ಕನಹಳ್ಳಿ ಕಡೆಗೆ ಹೋಗಿದ್ದೆ. ಟೀ ಅಂಗಡಿಯ ಮುಂದೆ ಕೂತಿದ್ದ ಹಿರಿಯರೊಬ್ಬರು ನನ್ನ ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡು, 'ಆ ವರ್ಸದ ಭೂಮಿ ವಿಚಾರ ಅಂದ್ರ ಬರೀ ನಮ್ಮುನ್ನ ಕೇಳುದ್ರ ಸಾಕಾ? ಒಡೆಯರಪಾಳ್ಯಕ್ಕೋಗಿ ಟಿಬೆಟ್ನೋರ್ನೂ ಕೇಳು. ಅವ್ರ್ಗೂ ಆಗ್ಲೇ ಅಲ್ವಾ ಜಮೀನು ಕೊಟ್ಟುದ್ದು' ಅಂದರು.

ನನಗೆ ನಾಚಿಕೆಯಾಯಿತು. ಒಡೆಯರಪಾಳ್ಯ ನನಗೆ ಗೊತ್ತಿಲ್ಲದ ಊರಲ್ಲ. ಚಳಿಗಾಲ ಬಂದರೆ ಊರೂರಿಗೆ ಹೋಗಿ ಸ್ವೆಟರ್ ಮಾರುವವರು, ಕಡುಗೆಂಪು ವಸ್ತ್ರದ ಸನ್ಯಾಸಿಗಳು, ಕಾಲೇಜು ದಿನಗಳಲ್ಲಿ ಭಾನುವಾರ ಬೈಕಿನಲ್ಲಿ ಹೋಗಿ ಮೊಮೊ ತಿಂದು, ದೇವಸ್ಥಾನದ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಿದ್ದ ಜಾಗ. ನಮ್ಮ ಕಡೆಯ ಹುಡುಗರಿಗೆ ಅದು ಇಷ್ಟೇ. ಭೂಮಿಯ ಚರಿತ್ರೆ ಬರೆಯಲು ಹೊರಟವನಿಗೆ, ಮೂರು ಸಾವಿರ ಎಕರೆಯ ಆಸುಪಾಸಿನ ಜಮೀನನ್ನು ಸರ್ಕಾರವೇ ಗುತ್ತಿಗೆಗೆ ಕೊಟ್ಟು ಕಟ್ಟಿಸಿದ ಒಂದು ಹೊಸ ಊರು ಕಣ್ಣಿಗೇ ಬಿದ್ದಿರಲಿಲ್ಲ.

ಲೊಕ್ಕನಹಳ್ಳಿ ದಾಟಿದರೆ ರಸ್ತೆ ನಿಧಾನಕ್ಕೆ ಏರತೊಡಗುತ್ತದೆ. ಇದೇ ರಸ್ತೆ ಮುಂದೆ ಬೈಲೂರಿನ ಮೇಲೆ ಹಾಸನೂರಿಗೆ, ತಮಿಳುನಾಡಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು, ಆ ಸಾಲಿನ ಆಚೆ ಮಗ್ಗುಲಲ್ಲಿ ಯಳಂದೂರು. ಪೂರ್ವಕ್ಕೆ ಮಲೆ ಮಹದೇಶ್ವರ ಬೆಟ್ಟದ ಕಾಡು. ನಡುವಿನ ಈ ಎತ್ತರದ ನೆಲದಲ್ಲಿ 1973-74ರಲ್ಲಿ ಆರಂಭವಾದ ಟಿಬೆಟನ್ ನಿರಾಶ್ರಿತರ ಶಿಬಿರದ ಹೆಸರು ಧೊಂಡೆನ್‌ಲಿಂಗ್. ಒಳಗಿನ ಊರುಗಳಿಗೆ ಇಂಗ್ಲಿಷ್ ಅಕ್ಷರಗಳೇ ಹೆಸರು: ಎ ವಿಲೇಜ್, ಬಿ ವಿಲೇಜ್, ಹೀಗೆ. ಹೊಲದ ತುಂಬ ಮುಸುಕಿನ ಜೋಳ. ಮನೆಗಳ ಮೇಲೆ ಮಂತ್ರದ ಬಾವುಟಗಳು. ಇವೆಲ್ಲದರ ಮಧ್ಯೆ ಜೋಗ್‌ಚೆನ್ ಮಠ. 1992ರಲ್ಲಿ ದಲಾಯಿ ಲಾಮಾ ಬಂದು ಉದ್ಘಾಟಿಸಿದ್ದು.

ಅಲ್ಲಿ ಶಾಲೆಯ ಹುಡುಗನೊಬ್ಬ ನನ್ನನ್ನು ಒಬ್ಬ ಅಜ್ಜನ ಮನೆಗೆ ಕರೆದೊಯ್ದ. 'ಪೋಲಾ' ಎಂದು ಕೂಗಿದ. ಟಿಬೆಟನ್ ಭಾಷೆಯಲ್ಲಿ ತಾತ. ಅವರ ಹೆಸರು ಬರೆಯುವುದಿಲ್ಲ, ಅವರಿಗೆ ಅದು ಇಷ್ಟವಿಲ್ಲ. ವಯಸ್ಸು ಎಪ್ಪತ್ತು ದಾಟಿದೆ. ಮಾತಾಡುವ ಕನ್ನಡ ಅಪ್ಪಟ ನಮ್ಮ ಸೀಮೆಯದು. ನಾನು ಭೂಸುಧಾರಣೆ ಅಂದ ಕೂಡಲೇ ನಕ್ಕರು.

'ನಮ್ಮೂರ್ಗೂ ಬಂದಿತ್ತು ಕಣಪ್ಪ ಭೂಸುಧಾರಣೆ. ಕೋವಿ ಇಟ್ಕಂಡು ಬಂತು.'

ಅವರ ಊರು ಡೆರ್ಗೆ ಕಡೆಯದು. ಆಗ ಅವರಿಗೆ ಐದಾರು ವರ್ಷ. ಹೆಚ್ಚಿನದೆಲ್ಲ ಅವ್ವ ಹೇಳಿದ್ದು. ಆ ಒಂದು ಮಾತನ್ನು ಹಿಡಿದುಕೊಂಡು ಮರಳಿ ಬಂದ ಮೇಲೆ ನಾನು ಓದಿದ್ದೆಲ್ಲ ನನ್ನ ಪ್ರಬಂಧದ ವ್ಯಾಪ್ತಿಯಲ್ಲಿ ಇರಲಿಲ್ಲ. ಆದರೆ ಓದದೆ ಇರಲೂ ಆಗಲಿಲ್ಲ.

ಮಾವೊನ ಚೀನಾ ಟಿಬೆಟ್ಟನ್ನು ಹಿಡಿದದ್ದು ಒಂದೇ ಏಟಿಗೆ ಅಲ್ಲ ಎಂಬುದನ್ನು ಮೊದಲು ಹೇಳಬೇಕು. ಬೀಜಿಂಗಿನಲ್ಲಿ ಜನತಾ ಗಣರಾಜ್ಯ ಘೋಷಣೆಯಾದದ್ದು 1949ರ ಅಕ್ಟೋಬರ್ 1. ಸರಿಯಾಗಿ ಒಂದು ವರ್ಷಕ್ಕೆ, 1950ರ ಅಕ್ಟೋಬರ್ ಮೊದಲ ವಾರದಲ್ಲಿ, ಸುಮಾರು 40,000 ಸೈನಿಕರು ದ್ರಿಚು ನದಿಯನ್ನು ದಾಟಿದರು. ನಾವು ಯಾಂಗ್ಸಿ ಎಂದು ಭೂಪಟದಲ್ಲಿ ಓದುವ ನದಿಯ ಮೇಲ್ಭಾಗವೇ ದ್ರಿಚು. ಈ ಕಾರ್ಯಾಚರಣೆಯ ಉಸ್ತುವಾರಿಯಿದ್ದ ನೈಋತ್ಯ ವಿಭಾಗದ ನಾಯಕರಲ್ಲಿ ಡೆಂಗ್ ಶಿಯಾವೊಪಿಂಗ್ ಒಬ್ಬರು. ಮುಂದೆ ಚೀನಾದ ಮಾರುಕಟ್ಟೆಯನ್ನು ತೆರೆದವರೂ ಅವರೇ. ಟಿಬೆಟ್ಟಿನ ಸೈನ್ಯ ಎಂಟೂವರೆ ಸಾವಿರದ ಲೆಕ್ಕದ್ದು. ಅಕ್ಟೋಬರ್ 19ಕ್ಕೆ ಛಾಮ್ದೋ ಪಟ್ಟಣ ಬಿತ್ತು. ಅಲ್ಲಿಗೆ ಸೈನ್ಯ ನಿಂತಿತು. ಸೆರೆಸಿಕ್ಕ ಟಿಬೆಟನ್ ಸೈನಿಕರ ಕೈಗೆ ಬೆಳ್ಳಿ ನಾಣ್ಯ ಕೊಟ್ಟು ಮನೆಗೆ ಕಳಿಸಿದರು. ಲ್ಹಾಸಾದವರು ಮಾತುಕತೆಗೆ ಬರಬೇಕು, ಬಂದು ಸಹಿ ಹಾಕಬೇಕು, ಅದೇ ಲೆಕ್ಕಾಚಾರ. ಹಾಗೇ ಆಯಿತು. 1951ರ ಮೇ 23ರ ಹದಿನೇಳು ಅಂಶಗಳ ಒಪ್ಪಂದದಲ್ಲಿ, ಟಿಬೆಟ್ ಚೀನಾದ ಭಾಗ. ಆದರೆ ದಲಾಯಿ ಲಾಮಾ ಅವರ ಸ್ಥಾನಮಾನ, ಮಠಗಳು, ಈಗಿರುವ ಆಡಳಿತ ಹಾಗೇ ಇರುತ್ತವೆ. ಸುಧಾರಣೆಗಳನ್ನು ಬಲವಂತದಿಂದ ಹೇರುವುದಿಲ್ಲ ಎಂದಿತ್ತು.

ಆ ಕಾಲದ ಜನವಿಮೋಚನಾ ಸೇನೆಯ ಬಗ್ಗೆ ಟಿಬೆಟನ್ನರ ನೆನಪುಗಳನ್ನು ಓದಿದರೆ ಒಂದು ವಿಷಯ ಅಚ್ಚರಿ ಹುಟ್ಟಿಸುತ್ತದೆ. ಮೊದಲು ಬಂದ ಸೈನಿಕರು ಶಿಸ್ತಿನವರು. ಜನರಿಂದ ಸೂಜಿ-ದಾರವನ್ನೂ ಪುಕ್ಕಟೆ ತೆಗೆದುಕೊಳ್ಳಬಾರದೆಂಬ ನಿಯಮ ಅವರಿಗಿತ್ತು. ಕೊಂಡದ್ದಕ್ಕೆಲ್ಲ ಬೆಳ್ಳಿಯಲ್ಲಿ ದುಡ್ಡು ಕೊಟ್ಟರು. ಆದರೆ ದುಡ್ಡಿದ್ದರೇನು, ಅಷ್ಟು ಬಾಯಿಗೆ ಲ್ಹಾಸಾದಲ್ಲಿ ಧಾನ್ಯವಿರಲಿಲ್ಲ. ಬೆಲೆ ಏರಿತು, ಜನ ಗೊಣಗಿದರು. ಚೀನಾದ ಒಳನಾಡಿನಿಂದ ಅಕ್ಕಿ ಸಾಗಿಸಲು ರಸ್ತೆಯಿರಲಿಲ್ಲ. ಆಗ ಚೀನಾದ ಅಕ್ಕಿ ಹಡಗಿನಲ್ಲಿ ಕಲ್ಕತ್ತಾಗೆ ಬಂದು, ಅಲ್ಲಿಂದ ಹಿಮಾಲಯದ ಕಣಿವೆ ಹಾದು ಟಿಬೆಟ್ಟಿಗೆ ಹೋಗಲು ನೆಹರೂ ಸರ್ಕಾರ ಅನುಮತಿ ಕೊಟ್ಟಿತು. 1954ರ ಏಪ್ರಿಲ್ 29ರಂದು ಪಂಚಶೀಲದ ಒಪ್ಪಂದ. ಅದೇ ವರ್ಷ ಡಿಸೆಂಬರ್ 25ಕ್ಕೆ ಸಿಚುವಾನ್ ಮತ್ತು ಕಿಂಘೈ ಕಡೆಯಿಂದ ಎರಡು ಹೆದ್ದಾರಿಗಳು ಲ್ಹಾಸಾ ತಲುಪಿದವು. ಅಲ್ಲಿಂದಾಚೆಗೆ ಸೇನೆಗೆ ಯಾರ ಅಕ್ಕಿಯೂ ಬೇಕಿರಲಿಲ್ಲ, ಯಾರ ಮರ್ಜಿಯೂ ಬೇಕಿರಲಿಲ್ಲ. ಯುದ್ಧದ ಚರಿತ್ರೆಯಲ್ಲಿ ಕೋವಿಗಿಂತ ರಸ್ತೆಯ ಕತೆಯೇ ದೊಡ್ಡದು ಅನ್ನಿಸುವುದು ಇಂಥಲ್ಲಿ.

ಇಷ್ಟಾದರೂ ಅಜ್ಜನ ಮಾತಿಗೆ ಅರ್ಥ ಸಿಗುವುದು ಒಂದು ಗಡಿಗೆರೆಯಲ್ಲಿ. ಹದಿನೇಳು ಅಂಶಗಳ ಭರವಸೆ ಅನ್ವಯಿಸಿದ್ದು ದ್ರಿಚು ನದಿಯ ಪಶ್ಚಿಮಕ್ಕೆ, ಲ್ಹಾಸಾ ಆಳುತ್ತಿದ್ದ ನೆಲಕ್ಕೆ ಮಾತ್ರ. ನದಿಯ ಪೂರ್ವಕ್ಕಿರುವ ಖಾಮ್ ಪ್ರಾಂತ್ಯವೂ ಟಿಬೆಟನ್ನರದೇ; ಅದೇ ಭಾಷೆಯ ಇನ್ನೊಂದು ನುಡಿ, ಅದೇ ಧರ್ಮ. ಆದರೆ ಬೀಜಿಂಗಿನ ಲೆಕ್ಕದಲ್ಲಿ ಅದು ಶಿಕಾಂಗ್ ಪ್ರಾಂತ್ಯ, 1955ರ ನಂತರ ಸಿಚುವಾನ್. ಹಾಗಾಗಿ ಸಿಚುವಾನಿಗೆ ಅನ್ವಯಿಸಿದ 'ಪ್ರಜಾಸತ್ತಾತ್ಮಕ ಸುಧಾರಣೆ' ಅಲ್ಲಿಗೂ ಬಂತು. ಒಂದು ನದಿಯ ಈ ದಡದವನಿಗೆ ಕಾಯುವ ಅವಕಾಶ, ಆ ದಡದವನಿಗೆ ಇಲ್ಲ.

ಕೊಳ್ಳೇಗಾಲದವನಾದ ನನಗೆ ಇದು ತೀರಾ ಪರಕೀಯವಾದ ಸಂಗತಿಯೇನಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕಾವೇರಿ ದಾಟಿದರೆ ಮಳವಳ್ಳಿ, ಅದು ಮೈಸೂರು. ಪಕ್ಕದ ಯಳಂದೂರೂ ಮೈಸೂರು. ಒಂದೇ ಮಾತಾಡುವ ಜನಕ್ಕೆ ಎರಡು ಕಾನೂನು, ಎರಡು ಕಂದಾಯ. ನಮ್ಮ ಕಡೆ ಆ ಗೆರೆಯನ್ನು ಅಳಿಸಿದ ವರ್ಷವೇ ಖಾಮ್‌ನಲ್ಲಿ ಆ ಗೆರೆಗಾಗಿ ರಕ್ತ ಹರಿಯಿತು.

ಖಾಮ್‌ನಲ್ಲಿ ನಡೆದದ್ದು ಹೀಗೆ. ಅಧಿಕಾರಿಗಳು ಊರಿಗೆ ಬಂದು ಆಸ್ತಿಯ ಪಟ್ಟಿ ಮಾಡಿದರು. ಜನರನ್ನು ವರ್ಗಗಳಾಗಿ ವಿಂಗಡಿಸಿದರು. ಮಠದ ಭೂಮಿ, ಒಡೆಯರ ಭೂಮಿ ಹಂಚುವ ಮಾತಾಡಿದರು. ಬಡವರನ್ನು ಎಬ್ಬಿಸಿ ನಿಲ್ಲಿಸಿ ಸಭೆಯಲ್ಲಿ ಒಡೆಯರನ್ನು ನಿಂದಿಸಲು ಹೇಳಿದರು. ಇಷ್ಟಕ್ಕೇ ದಂಗೆಯಾಗುತ್ತಿತ್ತೋ ಇಲ್ಲವೋ. ಜೊತೆಗೆ ಮನೆಯಲ್ಲಿದ್ದ ಬಂದೂಕುಗಳನ್ನು ಒಪ್ಪಿಸಬೇಕು ಅಂದರು. ಖಾಮ್‌ನ ಗಂಡಸಿಗೆ ಬಂದೂಕು ತಾತನಿಂದ ಬಂದ ಸೊತ್ತು, ಕುದುರೆಯಷ್ಟೇ ಹತ್ತಿರದ್ದು. 1956ರ ಆರಂಭದಲ್ಲಿ ದಂಗೆ ಎದ್ದಿತು. ಲಿಥಾಂಗ್ ಮಠದೊಳಗೆ ಸಾವಿರಾರು ಜನ ಸೇರಿಕೊಂಡರು. 1580ರಲ್ಲಿ ಮೂರನೆಯ ದಲಾಯಿ ಲಾಮಾ ಸ್ಥಾಪಿಸಿದ ಮಠ ಅದು. ಸೈನ್ಯ ಮುತ್ತಿಗೆ ಹಾಕಿತು. ಮುರಿಯಲಾಗದಿದ್ದಾಗ ಮೇಲಿನಿಂದ ವಿಮಾನಗಳು ಬಂದವು.

ಆ ವಿಮಾನಗಳ ಜಾತಕವನ್ನು ಬಿಡಲು ಮನಸ್ಸಾಗುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಬಾಂಬು ಹಾಕಲು ಹೋದ ಅಮೆರಿಕದ ಕೆಲವು ಬಿ-29 ವಿಮಾನಗಳು 1944ರಲ್ಲಿ ಸೋವಿಯತ್ ನೆಲದಲ್ಲಿ ಇಳಿಯಬೇಕಾಯಿತು. ಸ್ಟಾಲಿನ್ ಅವುಗಳನ್ನು ಮರಳಿ ಕೊಡಲಿಲ್ಲ. ಬಿಚ್ಚಿಸಿ, ಅಳೆಸಿ, ಅದರಂತೆಯೇ ಇನ್ನೊಂದನ್ನು ಮಾಡಿಸಿದ. ಅದೇ ಟಿಯು-4. ಅವುಗಳಲ್ಲಿ ಹತ್ತನ್ನು 1953ರಲ್ಲಿ ಮಾವೊಗೆ ಕೊಟ್ಟದ್ದೂ ಆಯಿತು. ಹೊಸ ಚೀನಾದ ವಾಯುಪಡೆ ಅವುಗಳನ್ನು ಮೊದಲು ನಿಜವಾಗಿ ಬಳಸಿದ್ದು ಯಾವ ಸಾಮ್ರಾಜ್ಯಶಾಹಿಯ ಮೇಲೂ ಅಲ್ಲ. ಲಿಥಾಂಗ್, ಬಾಥಾಂಗ್, ಛಾತ್ರೆಂಗ್ ಮಠಗಳ ಮೇಲೆ. ಚೀನಾದಲ್ಲೇ ಹುಟ್ಟಿ ಬೆಳೆದ ಇತಿಹಾಸಕಾರ್ತಿ ಜಿಯಾಂಗ್ಲಿನ್ ಲಿ ಇದನ್ನು ಚೀನಾದ ದಾಖಲೆಗಳಿಂದಲೇ ಹೆಕ್ಕಿ ತೋರಿಸಿದ್ದಾರೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವುದು ಅಪ್ರಾಮಾಣಿಕವಾಗುತ್ತದೆ. ಹಳೆಯ ಟಿಬೆಟ್ ಸಮಾನತೆಯ ಸ್ವರ್ಗವಾಗಿರಲಿಲ್ಲ. ಭೂಮಿ ಮಠಗಳದು, ಶ್ರೀಮಂತ ಮನೆತನಗಳದು. ಉಳುವವನು ಹುಟ್ಟಿನಿಂದಲೇ ಜಮೀನಿಗೆ, ಬಿಟ್ಟಿ ಚಾಕರಿಗೆ ಕಟ್ಟುಬಿದ್ದವನು. ಭೂಸುಧಾರಣೆ ಬೇಕಿತ್ತು ಎಂದವರಲ್ಲಿ ಟಿಬೆಟನ್ನರೂ ಇದ್ದರು. ಖಾಮ್‌ನ ಬಾಥಾಂಗ್‌ನವನೇ ಆದ ಫುಂಟ್ಸೊಕ್ ವಾಂಗ್ಯಾಲ್, ಮಾವೊ ಗೆಲ್ಲುವ ಮೊದಲೇ ಟಿಬೆಟ್ಟಿನ ಕಮ್ಯುನಿಸ್ಟ್ ಪಕ್ಷ ಕಟ್ಟಿದವನು. 1954ರಲ್ಲಿ ದಲಾಯಿ ಲಾಮಾ ಬೀಜಿಂಗಿಗೆ ಹೋದಾಗ ಮಾವೊ ಜೊತೆಗಿನ ಮಾತಿಗೆ ದುಭಾಷಿ ಅವನೇ. ಆ ದಿನಗಳಲ್ಲಿ ತರುಣ ದಲಾಯಿ ಲಾಮಾ ಅವರಿಗೇ ಪಕ್ಷ ಸೇರುವ ಆಸೆ ಹುಟ್ಟಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಆ ವಾಂಗ್ಯಾಲನನ್ನು 1960ರಲ್ಲಿ ಪಕ್ಷವೇ ಜೈಲಿಗೆ ಹಾಕಿತು. ಹೊರಬಂದದ್ದು ಹದಿನೆಂಟು ವರ್ಷದ ಮೇಲೆ. 1962ರಲ್ಲಿ, ಚೀನಾದ ಪರ ಎಂದೇ ಎಲ್ಲರೂ ನಂಬಿದ್ದ ಹತ್ತನೆಯ ಪಂಚೆನ್ ಲಾಮಾ, ಸುಧಾರಣೆಯ ಹೆಸರಿನಲ್ಲಿ ನಡೆದ ಬಂಧನ, ಹಸಿವು, ಮಠಗಳ ನಾಶವನ್ನು ಪಟ್ಟಿ ಮಾಡಿ ಪ್ರಧಾನಿ ಚೌ ಎನ್‌ಲಾಯ್‌ಗೆ ದೊಡ್ಡ ಮನವಿಯೊಂದನ್ನು ಕೊಟ್ಟರು. ಮಾವೊ ಅದನ್ನು ವಿಷದ ಬಾಣ ಎಂದ. ಪಂಚೆನ್ ಲಾಮಾ ಕೂಡ ಸೆರೆಮನೆ ಸೇರಿದರು. ಸುಧಾರಣೆಯನ್ನು ಬಯಸಿದವರನ್ನೇ ಉಳಿಸಿಕೊಳ್ಳಲಾಗದ ಸುಧಾರಣೆ ಅದು.

ಕನ್ನಡದ ಓದುಗರಾದ ನಮಗೆ ಕಮ್ಯುನಿಸಂ ಬಂದದ್ದು ಬೇರೆ ದಾರಿಯಲ್ಲಿ. ನಿರಂಜನರ 'ಚಿರಸ್ಮರಣೆ' ಓದಿ ಬೆಳೆದವರು ನಾವು. ಕಯ್ಯೂರಿನ ರೈತರು, ಜಮೀನ್ದಾರರ ಎದುರು ತಲೆಯೆತ್ತಿದ ಹುಡುಗರು, ಗಲ್ಲುಗಂಬ. ಅದು ಕೆಳಗಿನಿಂದ ಎದ್ದ ಕಮ್ಯುನಿಸಂ. ಅದೇ ಸಿದ್ಧಾಂತ ಸರ್ಕಾರವಾಗಿ, ಸೈನ್ಯವಾಗಿ, ವಿಮಾನವಾಗಿ ಮೇಲಿನಿಂದ ಬಂದಾಗ ಹೇಗಿರುತ್ತದೆ ಎಂದು ತಿಳಿಯಲು ನಾವು ಬೀಜಿಂಗಿಗೆ ಹೋಗಬೇಕಿರಲಿಲ್ಲ. ಕೊಳ್ಳೇಗಾಲದಿಂದ ಬಸ್ಸು ಹತ್ತಿದರೆ ಸಾಕಿತ್ತು. ಸ್ವೆಟರ್ ಕೊಂಡೆವು, ಕೇಳಲಿಲ್ಲ.

ಮುಂದಿನದು ಬಹುಮಟ್ಟಿಗೆ ಎಲ್ಲರಿಗೂ ಗೊತ್ತಿರುವ ಕತೆ. ಖಾಮ್‌ನಿಂದ ಓಡಿಬಂದವರು ಲ್ಹಾಸಾದ ಸುತ್ತ ತುಂಬಿದರು. 1957ರಲ್ಲಿ ಮಾವೊ, ನದಿಯ ಪಶ್ಚಿಮಕ್ಕೆ ಸುಧಾರಣೆಯನ್ನು ಆರು ವರ್ಷ ಮುಂದೂಡುತ್ತೇವೆ ಎಂದರೂ ಕಾಲ ಮಿಂಚಿತ್ತು. 1958ರ ಜೂನ್ 16ರಂದು ಬಂಡುಕೋರರು 'ಚುಶಿ ಗಾಂಗ್‌ಡ್ರುಕ್' ಎಂಬ ಪಡೆ ಕಟ್ಟಿದರು. ನಾಲ್ಕು ನದಿ, ಆರು ಬೆಟ್ಟಸಾಲು ಎಂದು ಅರ್ಥ, ಖಾಮ್‌ನ ಹಳೆಯ ಹೆಸರು. 1959ರ ಮಾರ್ಚ್ 10ಕ್ಕೆ ಲ್ಹಾಸಾ ಎದ್ದಿತು, 17ರ ರಾತ್ರಿ ದಲಾಯಿ ಲಾಮಾ ಹೊರಟರು, 31ಕ್ಕೆ ಭಾರತದ ಗಡಿ ದಾಟಿದರು. ಹಿಂದೆಯೇ ಸುಮಾರು 80,000 ಜನ. ಡೆರ್ಗೆ ಸೀಮೆಯ ಜೋಗ್‌ಚೆನ್ ಮಠ ನಾಶವಾದದ್ದೂ ಅದೇ ವರ್ಷ. 17ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು, 1842ರ ಭೂಕಂಪದಲ್ಲಿ ಬಿದ್ದು ಮತ್ತೆ ಎದ್ದದ್ದು. ಒಡೆಯರಪಾಳ್ಯದಲ್ಲಿ ನಾವು ಫೋಟೊ ತೆಗೆಸಿಕೊಳ್ಳುವ ಮಠ ಅದರದೇ ಮರುಹುಟ್ಟು.

ಅಜ್ಜನ ತಂದೆ ಬರಲಿಲ್ಲ. ಅವ್ವ ಇಬ್ಬರು ಮಕ್ಕಳನ್ನು ಕರೆದುಕೊಂಡು ನಡೆದರು, ಬಂದು ಮುಟ್ಟಿದ್ದು ಒಬ್ಬ. 'ರೋಡ್ ಕೆಲ್ಸ ಮಾಡುದ್ಲು ನಮ್ಮವ್ವ. ಜಲ್ಲಿ ಒಡೆಯೋದು. ನಾನು ಪಕ್ಕದಲ್ಲಿ ಕೂತಿರ್ತಿದ್ದಿ.' ಚೀನಾ ಟಿಬೆಟ್ಟಿಗೆ ರಸ್ತೆ ಹಾಕಿ ಗೆದ್ದಿತ್ತು. ಈಗ ಭಾರತ ತನ್ನ ಹಿಮಾಲಯದ ಗಡಿಗೆ ಅವಸರದಲ್ಲಿ ರಸ್ತೆ ಹಾಕುತ್ತಿತ್ತು. ಕೂಲಿಗಳಾಗಿ ಸಿಕ್ಕಿದವರಲ್ಲಿ ಸಾವಿರಾರು ಮಂದಿ ಟಿಬೆಟನ್ನರು. ಚಳಿಯ ನೆಲದಿಂದ ಬಂದು ಬಯಲಿನ ಸೆಕೆಗೆ, ಕ್ಷಯಕ್ಕೆ ಸತ್ತವರು ಬಹಳ. ಅವರನ್ನು ಊರಾಗಿ ನೆಲೆಗೊಳಿಸಬೇಕೆಂದಾಗ ದೊಡ್ಡ ಮನಸ್ಸು ಮಾಡಿದ್ದು ನಮ್ಮ ರಾಜ್ಯ. ಬೈಲಕುಪ್ಪೆ 1960ರಲ್ಲೇ ಶುರುವಾಯಿತು. ಇದರ ಶ್ರೇಯವನ್ನು ಟಿಬೆಟನ್ನರು ನಿಜಲಿಂಗಪ್ಪನವರಿಗೆ ಕೊಡುತ್ತಾರೆ, ಅವರ ಫೋಟೊ ಇಟ್ಟುಕೊಂಡಿದ್ದಾರೆ. ಆ ಕೃತಜ್ಞತೆಗೆ ನನ್ನ ತಕರಾರಿಲ್ಲ. ಆದರೆ 1958ರಿಂದ 62ರವರೆಗೆ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ ಎಂಬುದನ್ನೂ ಯಾರಾದರೂ ನೆನೆಯಬೇಕು. ಆಮೇಲೆ ಮುಂಡಗೋಡು, ಹುಣಸೂರಿನ ಗುರುಪುರ, ಕೊನೆಗೆ ಒಡೆಯರಪಾಳ್ಯ.

ಈ ಕೊನೆಯದಕ್ಕೆ ಏಕೆ 1973-74ರವರೆಗೆ ತಡ ಎಂದು ಯೋಚಿಸುವಾಗ, ನನಗೆ ಬೇರೊಂದು ಕಡತ ತೆರೆದುಕೊಂಡಿತು. ನಿರಾಶ್ರಿತರೆಂದರೆ ನಾವು ಓಡಿಬಂದವರು ಎಂದಷ್ಟೇ ತಿಳಿಯುತ್ತೇವೆ. ಆ ಹದಿನೈದು ವರ್ಷ ಅವರಲ್ಲಿ ಅನೇಕರು ಓಡುತ್ತಿರಲಿಲ್ಲ, ಹೋರಾಡುತ್ತಿದ್ದರು. ವಾಪಸ್ ಹೋಗುತ್ತೇವೆ ಎಂದೇ ನಂಬಿದ್ದರು. 1962ರ ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ನವೆಂಬರ್ 14ರಂದು, ಭಾರತ ಟಿಬೆಟನ್ನರದೇ ಒಂದು ಗುಪ್ತ ಪಡೆ ಕಟ್ಟಿತು. ಸ್ಪೆಷಲ್ ಫ್ರಾಂಟಿಯರ್ ಫೋರ್ಸ್. ಡೆಹ್ರಾಡೂನ್ ಬಳಿಯ ಚಕ್ರಾತಾದಲ್ಲಿ ನೆಲೆ, ಮೊದಲ ಮುಖ್ಯಸ್ಥ ಮೇಜರ್ ಜನರಲ್ ಸುಜಾನ್ ಸಿಂಗ್ ಉಬಾನ್. ಶಿಬಿರಗಳಲ್ಲಿ ಜನ ಅದನ್ನು ಕರೆಯುವುದು 'ಟೂ-ಟೂ', ಎಸ್ಟಾಬ್ಲಿಷ್‌ಮೆಂಟ್ 22. ಅಜ್ಜ ಹದಿನೆಂಟು ತುಂಬುತ್ತಲೇ ಸೇರಿದ್ದು ಅದನ್ನೇ.

ಅವರು ಚೀನಾದ ಎದುರು ಒಂದು ಗುಂಡನ್ನೂ ಹಾರಿಸಲಿಲ್ಲ. ಹಾರಿಸಿದ್ದು 1971ರಲ್ಲಿ, ಪೂರ್ವ ಪಾಕಿಸ್ತಾನದ ಚಿತ್ತಗಾಂಗ್ ಬೆಟ್ಟಗಳಲ್ಲಿ. ಬಾಂಗ್ಲಾ ವಿಮೋಚನೆಗೆ ಸುಮಾರು 3,000 ಟಿಬೆಟನ್ನರು ಹೋಗಿದ್ದರು. 56 ಮಂದಿ ಸತ್ತರು. ಇಲ್ಲದ ಪಡೆಗೆ ಪದಕ ಕೊಡುವುದು ಹೇಗೆ? ಹಲವರಿಗೆ ನಗದು ಬಹುಮಾನ ಸಿಕ್ಕಿತು. 2020ರಲ್ಲಿ ಲಡಾಖಿನಲ್ಲಿ ನ್ಯಿಮಾ ತೆಂಜಿನ್ ಎಂಬ ಯೋಧ ಸತ್ತು, ಶವಪೆಟ್ಟಿಗೆಯ ಮೇಲೆ ಎರಡು ಬಾವುಟ ಹೊದಿಸಿದ ಚಿತ್ರ ಬಂದಾಗಲೇ ದೇಶಕ್ಕೆ ಈ ಪಡೆಯ ಮುಖ ಕಂಡದ್ದು. ಚಿತ್ತಗಾಂಗ್ ಬಗ್ಗೆ ಕೇಳಿದೆ. 'ಮಳೆ, ಜಿಗಣೆ' ಅಂದರು, ಸುಮ್ಮನಾದರು.

ಇನ್ನೊಂದು ತಂಡ ನೇಪಾಳದ ಮುಸ್ತಾಂಗ್‌ನಲ್ಲಿತ್ತು. 1960ರಿಂದ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕೊಡುವ ಹಣ, ಆಯುಧಗಳಲ್ಲಿ ಗಡಿಯಾಚೆಗೆ ನುಗ್ಗಿ ಬರುತ್ತಿದ್ದ ಗೆರಿಲ್ಲಾಗಳು. ಅವರ ಭವಿಷ್ಯ ತೀರ್ಮಾನವಾದದ್ದು ಟಿಬೆಟ್ಟಿಗೆ ಏನೂ ಸಂಬಂಧವಿಲ್ಲದ ಒಂದು ಜಗಳದಲ್ಲಿ. ಕಮ್ಯುನಿಸ್ಟ್ ಜಗತ್ತಿನ ಎರಡು ದೊಡ್ಡ ಮನೆಗಳು ಆಗಲೇ ಬೇರೆಯಾಗಿದ್ದವು. 1959ರ ಅಕ್ಟೋಬರಿನಲ್ಲಿ ಬೀಜಿಂಗಿಗೆ ಬಂದಿದ್ದ ಖ್ರುಶ್ಚೇವ್, ಟಿಬೆಟ್ಟಿನಲ್ಲಿ ಆದದ್ದಕ್ಕೆ ನೀವೇ ಹೊಣೆ ಎಂದು ಮಾವೊನ ಮುಖಕ್ಕೇ ಹೇಳಿ ಜಗಳವಾಗಿತ್ತು. 1969ರ ಮಾರ್ಚಿನಲ್ಲಿ ಉಸುರಿ ನದಿಯ ದ್ವೀಪವೊಂದರಲ್ಲಿ ಎರಡೂ ಕೆಂಪು ಸೇನೆಗಳು ಪರಸ್ಪರ ಗುಂಡು ಹಾರಿಸಿದವು. ಸೋವಿಯತ್ ಭಯಕ್ಕೆ ಚೀನಾ ಅಮೆರಿಕದತ್ತ ವಾಲಿತು. 1972ರ ಫೆಬ್ರವರಿಯಲ್ಲಿ ನಿಕ್ಸನ್ ಮಾವೊ ಜೊತೆ ಕೈಕುಲುಕಿದ. ಮುಸ್ತಾಂಗ್‌ಗೆ ಬರುತ್ತಿದ್ದ ಹಣ ನಿಂತಿತು. 1974ರಲ್ಲಿ ನೇಪಾಳದ ಸೈನ್ಯ ಸುತ್ತುವರಿಯಿತು. ಆಯುಧ ಕೆಳಗಿಡಿ ಎಂಬ ದಲಾಯಿ ಲಾಮಾ ಅವರ ಧ್ವನಿಮುದ್ರಿತ ಸಂದೇಶವನ್ನು ಶಿಬಿರದಿಂದ ಶಿಬಿರಕ್ಕೆ ಒಯ್ದು ಕೇಳಿಸಿದರು. ಕೆಲವರು ಕೋವಿ ಕೊಟ್ಟರು, ಕೆಲವರು ತಾವೇ ಪ್ರಾಣ ಬಿಟ್ಟರು. ಅವರ ನಾಯಕ ವಾಂಗ್ದು ಭಾರತದ ಗಡಿಯ ಹತ್ತಿರ ಗುಂಡಿಗೆ ಬಲಿಯಾದ.

ಅಂದರೆ ಒಡೆಯರಪಾಳ್ಯದಲ್ಲಿ ಮೊದಲ ಮಳೆಗೆ ಹೊಲ ಹಸನು ಮಾಡುತ್ತಿದ್ದ ಕಾಲಕ್ಕೆ, ಮರಳಿ ಹೋಗುವ ಯುದ್ಧವೂ ಮುಗಿಯುತ್ತಿತ್ತು. ಬೈಲಕುಪ್ಪೆಗೆ ಬಂದವರು ತಾತ್ಕಾಲಿಕವಾಗಿ ಬಂದೆವೆಂದು ನಂಬಬಹುದಿತ್ತು. ಇಲ್ಲಿಗೆ ಬಂದವರಿಗೆ ಆ ನಂಬಿಕೆ ಕಷ್ಟವಿತ್ತೆಂದು ನನ್ನ ಊಹೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿಯಲ್ಲಿದ್ದ ಜಮೀನೆಲ್ಲ ಆ ದಿನ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ಭೂನ್ಯಾಯಮಂಡಳಿ ವಿಚಾರಣೆ ಮಾಡಿ ಹಕ್ಕು ಕೊಡಬೇಕು. ಉಳುವವನು ಮಾತಿನಲ್ಲಿ ಸೋಲಬಾರದೆಂದು ಮಂಡಳಿಯೆದುರು ವಕೀಲರಿಗೇ ಪ್ರವೇಶವಿರಲಿಲ್ಲ. ಯಳಂದೂರನ್ನೇ ನೋಡಿ. 1807ರಲ್ಲಿ ಇಡೀ ಸೀಮೆಯನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟಿದ್ದರು. ಖಾಮ್‌ನ ಒಡೆತನಕ್ಕಿಂತ ಅದೇನೂ ಕಡಿಮೆಯದಲ್ಲ. ಅಂಥ ಒಡೆತನ ನಮ್ಮಲ್ಲಿ ಕರಗಿದ್ದು ಶಾಸನಸಭೆಯ ಕಾಯ್ದೆಗಳಿಂದ, ರೆವಿನ್ಯೂ ಇನ್ಸ್‌ಪೆಕ್ಟರರ ಷರಾಗಳಿಂದ, ನಾಲ್ಕು ಕಾಸಿನ ಅರ್ಜಿಗಳಿಂದ. ನಿಧಾನ, ಸೋರಿಕೆ ತುಂಬಾ. ಬಾಯಿಮಾತಿನ ಗೇಣಿ ಸಾಬೀತಾಗದೆ, ಕಾಯ್ದೆಯ ಸುಳಿವು ಸಿಕ್ಕು ಧಣಿಗಳು ಮೊದಲೇ ಬಿಡಿಸಿ, ಕೈಬಿಟ್ಟು ಹೋದ ಹೊಲಗಳು ಬೇಕಾದಷ್ಟು. ನಾನು ಹಗಲೆಲ್ಲ ಓದುವುದು ಈ ಸೋತವರ ಅರ್ಜಿಗಳನ್ನೇ. ಆದರೂ ಡೆರ್ಗೆಯ ಕತೆ ಕೇಳಿದ ಮೇಲೆ ಆ ಹಳದಿ ಕಾಗದಗಳ ಮೇಲೆ ನನಗಿದ್ದ ತಾತ್ಸಾರ ಕಡಿಮೆಯಾಯಿತು. ವಜಾ ಆದ ಅರ್ಜಿಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದಿತ್ತು. ಅರ್ಜಿ ಹಾಕಿದವನೂ ಅವನ ಎದುರು ಪಕ್ಷದವನೂ ಸಾಯಂಕಾಲ ಒಂದೇ ಊರಿಗೆ ಮರಳಿದ್ದರು.

ಹೀಗೆಂದು ಬೆನ್ನು ತಟ್ಟಿಕೊಳ್ಳುವ ಮೊದಲು ಬೆಟ್ಟದ ಮೇಲೆ ನೋಡಬೇಕು. ಅದೇ 1974ರಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಿದರು. ಒಳಗೆ ಸೋಲಿಗರಿದ್ದರು. ಅವರ ಬೇಸಾಯ ಜಾಗ ಬದಲಿಸುತ್ತಾ ಮಾಡುವ ಬೇಸಾಯ. ರಾಗಿ ಬಿತ್ತಿದ ನೆಲವನ್ನು ಮುಂದೆ ಕಾಡಿಗೇ ಬಿಡುವುದು. ಅದು ನಿಂತಿತು. ಒಳಗಿನ ಪೋಡುಗಳನ್ನು ರಸ್ತೆಯಂಚಿಗೆ, ಕಾಡಿನಂಚಿಗೆ ತಂದರು. ಅವರ ಉಳುಮೆಗೆ ಗೇಣಿಯಿರಲಿಲ್ಲ, ಧಣಿಯಿರಲಿಲ್ಲ, ಪಹಣಿಯಿರಲಿಲ್ಲ. ಹಾಗಾಗಿ ನಮೂನೆ 7ರಲ್ಲಿ ಅವರಿಗೆ ತುಂಬಲು ಅಂಕಣವೇ ಇರಲಿಲ್ಲ. ಉಳುವವನೇ ಒಡೆಯ ಎಂದ ಸರ್ಕಾರ, ಆ ವರ್ಷವೇ ಒಬ್ಬರನ್ನು ಬೆಟ್ಟದಿಂದ ಇಳಿಸಿತು, ಬೆಟ್ಟದ ಮಗ್ಗುಲಲ್ಲಿ ಇನ್ನೊಬ್ಬರಿಗೆ ಜಾಗ ಕೊಟ್ಟಿತು. ಎರಡನ್ನೂ ಒಳ್ಳೆಯ ಉದ್ದೇಶದಿಂದಲೇ ಮಾಡಿತು. ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಗಲು 2011 ಬರಬೇಕಾಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಗಿತ್ತು. ಈ ಲೆಕ್ಕವನ್ನು ಹೇಗೆ ಹೊಂದಿಸುವುದೆಂದು ನನ್ನ ಪ್ರಬಂಧದಲ್ಲಿ ನಾನಿನ್ನೂ ಬರೆದುಕೊಂಡಿಲ್ಲ. ಯಾರ ಮೇಲೂ ಕೋಪ ಮಾಡಿಕೊಳ್ಳದೆ ಬರೆಯುವುದು ಕಷ್ಟ.

ಟಿಬೆಟನ್ನರಿಗೂ ಸಿಕ್ಕಿದ್ದು ಒಡೆತನವಲ್ಲ, ಗುತ್ತಿಗೆ. ಊರಿನ ಹೆಸರು ಮಾತ್ರ ಒಡೆಯರಪಾಳ್ಯ. 2014ರಲ್ಲಿ ಕೇಂದ್ರ ಸರ್ಕಾರ ಪುನರ್ವಸತಿ ನೀತಿಯೊಂದನ್ನು ತಂದು, ರಾಜ್ಯಗಳು ಈ ಜಮೀನುಗಳಿಗೆ 20 ವರ್ಷದ ಗುತ್ತಿಗೆ ಪತ್ರ ಮಾಡಿಕೊಡಬೇಕೆಂದಿತು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಭಾರತೀಯರೇ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಹಾಗೆಂದಿತು. ಮತದ ಚೀಟಿ ಮಾಡಿಸಿದವರಿದ್ದಾರೆ. ಬೇಡವೆಂದವರೂ ಇದ್ದಾರೆ, ಅದನ್ನು ಮಾಡಿಸಿದರೆ ಹಿಂದಿನದನ್ನು ಬಿಟ್ಟುಕೊಟ್ಟಂತೆ ಎಂದು. ಅಜ್ಜ ಹುಟ್ಟಿದ್ದು ಡೆರ್ಗೆಯಲ್ಲಿ, ಅವರಿಗೆ ಆ ಪ್ರಶ್ನೆಯೇ ಇಲ್ಲ. ನೋಂದಣಿ ಪುಸ್ತಕವನ್ನು ಹೊತ್ತುಹೊತ್ತಿಗೆ ನವೀಕರಿಸಿಕೊಳ್ಳಬೇಕು.

ಹೊರಡುವ ಮುಂಚೆ ಅವರೇ ಕೇಳಿದರು, 'ನಿನ್ ತಾತುಂಗೆ ಸಿಕ್ತಾ, ಜಮೀನು?'

ಸಿಕ್ಕಿತ್ತು. ಒಂದೂವರೆ ಎಕರೆ. ಮಂಡಳಿಯ ಆದೇಶದ ಚಿತ್ರ ನನ್ನ ಫೋನಿನಲ್ಲೇ ಇತ್ತು, ತೋರಿಸಿದೆ. ಕನ್ನಡಕ ಹಾಕಿಕೊಂಡು, ಬೆರಳಿನಿಂದ ದೊಡ್ಡದು ಮಾಡಿ, ತಾತನ ಹೆಬ್ಬೆಟ್ಟಿನ ಗುರುತನ್ನೂ ಕೆಳಗಿನ ಮೊಹರನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ತಮ್ಮ ಕಾಗದಗಳನ್ನು ತಂದು ಮಂಚದ ಮೇಲೆ ಒಂದೊಂದಾಗಿ ಹರಡಿದರು. ಪಿಂಚಣಿಯದು, ನೋಂದಣಿಯದು, ಸೊಸೈಟಿಯದು. ಹೊಲದ ಕಡೆಯಿಂದ ಪಟಾಕಿ ಸದ್ದು ಕೇಳಿತು. 'ಆನೆ ಇಳ್ದವ' ಅಂದರು. 'ನೀನು ಬಸ್ಸಿಡಿ, ಕತ್ತಲಾದ್ರ ಬ್ಯಾಡ.'